ದೊಡ್ಡ ಭೂಕಂಪ ಆದಮೇಲೆ ನಡುಕ ಎಷ್ಟು ದಿನ? ಹಂಚಿನ ಮನೆಯೊಳಗೆ ಯಾವಾಗ ಹೋಗಬಹುದು?

ನಿಮ್ಮ ಪ್ರಶ್ನೆ ತೀರ್ಥಹಳ್ಳಿ ಕಡೆಯ ಹಳೇ ಹಂಚಿನ ಮನೆಯದು: ಒಂದುವೇಳೆ ಜೋರು ಭೂಕಂಪ ಆದರೆ ಎಷ್ಟು ದಿನ ಹೊರಗೆ ಮಲಗಬೇಕು? ದಿನದ ಲೆಕ್ಕ ಹಿಡಿದು ಒಳಗೆ ಹೋಗಬೇಡಿ, ಗೋಡೆ ನೋಡಿ ಹೋಗಿ.

ಜಪಾನಿನಲ್ಲಿ 1891ರಲ್ಲಿ ಆದ ನೋಬಿ ಭೂಕಂಪದ ನಂತರದ ಕಂಪನಗಳನ್ನು (ಪಶ್ಚಾತ್ ಕಂಪನ) ಎಣಿಸಿ ಅಲ್ಲಿನ ಭೂಕಂಪ ವಿಜ್ಞಾನಿ ಒಮೋರಿ 1894ರಲ್ಲಿ ಕೊಟ್ಟ ಸೂತ್ರವೇ ಇವತ್ತಿಗೂ ಈ ಲೆಕ್ಕಕ್ಕೆ ಆಧಾರ. ಅದರ ಪ್ರಕಾರ ಮೊದಲ ದಿನ ನೂರು ಪಶ್ಚಾತ್ ಕಂಪನ ಆದರೆ ಹತ್ತನೇ ದಿನ ಸುಮಾರು ಹತ್ತು, ನೂರನೇ ದಿನ ಒಂದು. ಕಡಿಮೆಯಾಗುವುದು ಸಂಖ್ಯೆ ಮಾತ್ರ. ತಡವಾಗಿ ಬಂದದ್ದು ಸಣ್ಣದೇ ಆಗಿರಬೇಕೆಂದಿಲ್ಲ. ಅತಿ ದೊಡ್ಡ ಪಶ್ಚಾತ್ ಕಂಪನ ಮೊದಲಿನ ಭೂಕಂಪಕ್ಕಿಂತ ತೀವ್ರತೆಯಲ್ಲಿ ಸುಮಾರು 1.2 ಅಂಕ ಕೆಳಗಿರುತ್ತದೆ ಅನ್ನುವುದು ಬರೀ ಸರಾಸರಿ. ನೇಪಾಳದಲ್ಲಿ 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪ ಆಯಿತು, 17 ದಿನ ಬಿಟ್ಟು ಮೇ 12ರಂದು 7.3. ಮೊದಲೇ ಬಿರುಕು ಬಿಟ್ಟು ನಿಂತಿದ್ದ ಎಷ್ಟೋ ಕಟ್ಟಡಗಳು ಆಗ ಬಿದ್ದವು.

1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲಿನ ಭಾರದ ಮಣ್ಣಿನ ಮಾಳಿಗೆ. ಮಲೆನಾಡಿನ ಹಂಚಿನ ಮಾಡು ಅಷ್ಟು ಭಾರವಿಲ್ಲ, ಅದು ನಮ್ಮ ಪುಣ್ಯ. ಆದರೆ ಮಣ್ಣಿನಲ್ಲಿ ಕಟ್ಟಿದ ಜಂಬಿಟ್ಟಿಗೆ ಗೋಡೆ ಮೂಲೆಯಲ್ಲಿ ಬಿಟ್ಟುಕೊಳ್ಳುತ್ತದೆ, ರೀಪಿನಿಂದ ಜಾರಿದ ಹಂಚು ಬಾಗಿಲ ಮುಂದೆಯೇ ಬೀಳುತ್ತದೆ. ಹಾಗಾಗಿ ಸೂರಿನಡಿ ನಿಲ್ಲಬೇಡಿ.

ಹಗಲಲ್ಲಿ, ಮೊದಲು ಹೊರಗಿನಿಂದ ಒಂದು ಸುತ್ತು ಬನ್ನಿ. ಗಿಲಾವಿನ ಕೂದಲೆಳೆ ಬಿರುಕಿಗೆ ಹೆದರಬೇಕಿಲ್ಲ. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಂಡರೆ, ಪೆನ್ಸಿಲ್ ತೂರುವಷ್ಟು ಅಗಲವಿದ್ದರೆ, ಎರಡು ಗೋಡೆ ಕೂಡುವಲ್ಲಿ ಸೀಳಿದ್ದರೆ, ತೊಲೆಯ ತುದಿ ಗೋಡೆಯಿಂದ ಸರಿದಿದ್ದರೆ, ಇವುಗಳಲ್ಲಿ ಒಂದು ಕಂಡರೂ ಎಂಜಿನಿಯರ್ ನೋಡುವ ತನಕ ಒಳಗೆ ಹೋಗಬೇಡಿ. ಇದರಲ್ಲಿ ರಾಜಿ ಬೇಡ. ಗೋಡೆಗೆ ಗಾರೆಯವರ ತೂಕದ ಗುಂಡು ಇಳಿಬಿಟ್ಟು ದಾರಕ್ಕೂ ಗೋಡೆಗೂ ಮೇಲೆ, ಕೆಳಗೆ ಎಷ್ಟು ಅಂತರ ಎಂದು ಅಳೆದು ಬರೆದಿಡಿ. ಹಳೇ ಗೋಡೆ ಮೊದಲೇ ಒಂಚೂರು ವಾಲಿರಬಹುದು, ಹಾಗಾಗಿ ಒಂದು ಅಳತೆಯಿಂದ ಏನೂ ತಿಳಿಯದು. ಪ್ರತಿ ಕಂಪನದ ನಂತರ ಅಂತರ ಬದಲಾಯಿತೇ ಅನ್ನುವುದು ಮುಖ್ಯ. ಸಣ್ಣ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಹಾಕಿ. ಗೆರೆ ದಾಟಿತೆಂದರೆ ಮತ್ತೆ ಹೊರಗೆ.

ಒಳಗೆ ಇರಲು ಶುರು ಮಾಡಿದ ಮೇಲೆ ಅಟ್ಟದ ಭಾರವನ್ನೆಲ್ಲ ಕೆಳಗಿಳಿಸಿ, ಮಲಗುವ ಜಾಗದ ಮೇಲೆ ಏನೂ ಇರಬಾರದು. ಅಡುಗೆ ಆದಕೂಡಲೆ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ.

ಮಳೆಗಾಲವಾದರೆ ಮನೆಗಿಂತ ಹಿಂದಿನ ಧರೆಯ, ಅಂದರೆ ಗುಡ್ಡ ಕಡಿದು ಬಿಟ್ಟ ಕಡಿದಾದ ಮಣ್ಣಿನ ದಿಬ್ಬದ, ಚಿಂತೆ ನನಗೆ ಹೆಚ್ಚು. ನೀರು ಕುಡಿದ ಮಣ್ಣಿಗೆ ಸಣ್ಣ ಕಂಪನವೂ ಸಾಕು. ಧರೆಯ ನೆತ್ತಿಯಲ್ಲಿ ಬಿರುಕಿದ್ದರೆ ಆಚೆಗೊಂದು ಈಚೆಗೊಂದು ಗೂಟ ಹೊಡೆದು, ನಡುವಿನ ಅಂತರವನ್ನು ಬೆಳಿಗ್ಗೆ ಸಂಜೆ ಅಳೆಯಿರಿ. ಬಿರುಕಿಗೆ ಜೇಡಿಮಣ್ಣು ತುಂಬಿ, ನೀರು ಇಳಿಯದಂತೆ ಟಾರ್ಪಾಲು ಹೊದಿಸಿ. ಅಂತರ ಬೆರಳಗಲ ಹೆಚ್ಚಿದರೂ ಗೋಡೆ ಎಷ್ಟೇ ಗಟ್ಟಿಯಿರಲಿ, ಆ ರಾತ್ರಿ ಬೇರೆ ಕಡೆ ಮಲಗಿ.