ಹೆಚ್ಚು ಸಂಪಾದಿಸುವವರ ತೆರಿಗೆ ಏರಿಸಿದರೆ ನಮ್ಮ ಮೈಸೂರು, ಮಂಡ್ಯಕ್ಕೆ ಅದರ ಲಾಭ ಬರುತ್ತದೆಯೇ?

ಏರಿಸಿದ್ದು ಮೂಲ ದರವೋ ಸರ್‌ಚಾರ್ಜೋ (ತೆರಿಗೆಯ ಮೊತ್ತದ ಮೇಲೆ ಹಾಕುವ ಹೆಚ್ಚುವರಿ ತೆರಿಗೆ), ಮೊದಲು ಅದನ್ನು ನೋಡಿ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 2 ಕೋಟಿ ಮೀರಿದ ಸಂಬಳಕ್ಕೆ ಮೂಲ ದರ ಶೇ. 30, ಆ ತೆರಿಗೆಯ ಮೇಲೆ ಶೇ. 25 ಸರ್‌ಚಾರ್ಜ್, ಎರಡರ ಮೊತ್ತದ ಮೇಲೆ ಶೇ. 4 ಸೆಸ್ (ಉಪಕರ). ಅಂದರೆ ಕೊನೆಯ 100 ರೂಪಾಯಿಗೆ 39 ರೂಪಾಯಿ ತೆರಿಗೆ. ಇದರಲ್ಲಿ 30 ರೂಪಾಯಿ ಮಾತ್ರ ರಾಜ್ಯಗಳೊಂದಿಗೆ ಹಂಚಿಕೆಗೆ ಬರುತ್ತದೆ. ಉಳಿದ 9 ಪೂರ್ತಿ ಕೇಂದ್ರದ್ದು. ಹಾಗಾಗಿ ಸರ್‌ಚಾರ್ಜ್ ಏರಿಸಿದರೆ ಕರ್ನಾಟಕದ ಪಾಲಿಗೆ ಬಿಡಿಗಾಸೂ ಸೇರದು. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಸೋರಿಕೆಯೂ ಇದೆ. ಮೈಸೂರಿನ ಹೆಬ್ಬಾಳದ ಐಟಿ ಕಂಪನಿ ನೌಕರನಿಗೆ ಸಂಬಳ ಕೊಡುವಾಗಲೇ ತೆರಿಗೆ (ಟಿಡಿಎಸ್) ಕಡಿತ, ತಪ್ಪಿಸಿಕೊಳ್ಳಲಾಗದು. ಸ್ವಂತ ನರ್ಸಿಂಗ್ ಹೋಮ್ ಇರುವವರು ಅದನ್ನು ಕಂಪನಿ ಮಾಡಿಕೊಂಡು ಸುಮಾರು ಶೇ. 25.17 ಕಟ್ಟಿ, ಡಿವಿಡೆಂಡ್ (ಷೇರುದಾರರ ಲಾಭಾಂಶ) ತೆಗೆಯದೆ ಲಾಭವನ್ನು ಅಲ್ಲೇ ಉಳಿಸಬಹುದು. ಮಂಡ್ಯದ ಕಬ್ಬಿನ ಆದಾಯಕ್ಕಂತೂ ಆದಾಯ ತೆರಿಗೆಯೇ ಇಲ್ಲ; ದರ ಏರಿದಷ್ಟೂ ಬೇರೆ ಆದಾಯವನ್ನು ಕೃಷಿಯ ಲೆಕ್ಕಕ್ಕೆ ತೋರಿಸುವ ಆಸೆ ಹೆಚ್ಚುತ್ತದೆ. 1973-74ರಲ್ಲಿ ಗರಿಷ್ಠ ದರ ಶೇ. 97.75 ಇತ್ತು. ಕಳ್ಳಲೆಕ್ಕಕ್ಕೆ ಇಂಥ ದರವೇ ಕುಮ್ಮಕ್ಕೆಂದು ನೇರ ತೆರಿಗೆಗಳ ವಿಚಾರಣೆಗೆ ನೇಮಿಸಿದ್ದ ವಾಂಛೂ ಸಮಿತಿ 1971ರಲ್ಲೇ ಇಳಿಸಲು ಹೇಳಿತ್ತು, 1974-75ರಲ್ಲಿ ಅದು ಶೇ. 77ಕ್ಕೆ ಇಳಿಯಿತು.