ಸೂರು ಸಿಕ್ಕಿದ ಮೇಲೂ ನಿದ್ದೆ ಏಕೆ ಬರುವುದಿಲ್ಲ?

ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ಮನೋವೈದ್ಯರ ಉತ್ತರ

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದಾಳೆ. ಆಶ್ರಯ ಕೋರಿ ಬಂದವರನ್ನು ಇರಿಸಿರುವ ಕಟ್ಟಡವೊಂದಕ್ಕೆ ರಜೆಯ ದಿನ ಸೇವೆಗೆ ಹೋಗುತ್ತಾಳೆ. ಬಂದಾಗ ಇದ್ದುದಕ್ಕಿಂತ ಈಗ ಅವರು ಹೆಚ್ಚು ಕುಗ್ಗಿದ್ದಾರಂತೆ. ಯುದ್ಧದಿಂದ ಪಾರಾಗಿ, ಊಟ ವಸತಿ ಪುಕ್ಕಟೆ ಸಿಕ್ಕಿದ ಮೇಲೂ ಹೀಗೇಕೆ ಡಾಕ್ಟರೇ? (ಹೊಳಲ್ಕೆರೆ)

ಉತ್ತರ: ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಅದರಲ್ಲಿ ‘ಪುಕ್ಕಟೆ’ ಎಂಬ ಮಾತಿರುತ್ತದೆ, ಪ್ರತಿ ಸಲವೂ ಆ ಮಾತು ನನಗೆ ನೋವುಂಟು ಮಾಡುತ್ತದೆ. ಆಘಾತವೆಲ್ಲ ಯುದ್ಧದ ನೆಲದಲ್ಲೇ ಮುಗಿದುಹೋಯಿತು ಎಂಬ ಲೆಕ್ಕವೇ ತಪ್ಪು. ಪೋರ್ಟರ್ ಮತ್ತು ಹ್ಯಾಸ್ಲಮ್ ಎಂಬ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು, ಎಂದರೆ 67,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು, ಒಟ್ಟುಗೂಡಿಸಿ 2005ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಕಾಯಂ ಖಾಸಗಿ ಮನೆಯಲ್ಲಿದ್ದ ನಿರಾಶ್ರಿತರಿಗಿಂತ ಹಲವರನ್ನು ಒಟ್ಟಿಗೆ ಇರಿಸುವ ಸಾಂಸ್ಥಿಕ ವಸತಿಗಳಲ್ಲಿದ್ದವರ ಮಾನಸಿಕ ಆರೋಗ್ಯ ಕೆಟ್ಟಿರುವುದು ಕಂಡುಬಂತು. ದುಡಿಮೆಗೆ ಅವಕಾಶವಿಲ್ಲದವರ ಸ್ಥಿತಿಯೂ ಹಾಗೆಯೇ ಇತ್ತು.

ಬೆದರಿದ ಜೀವ ಅಪಾಯ ಕಳೆಯಿತೆಂದು ನಂಬಬೇಕಾದರೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು ಬೇಕು, ನಾಳೆಯೂ ಇದೇ ಹಾಸಿಗೆಯಲ್ಲಿ ಮಲಗುತ್ತೇನೆಂಬ ಭರವಸೆ ಬೇಕು. ಇಂಗ್ಲೆಂಡಿನ ಕೆಂಟ್ ಪ್ರದೇಶದ ನೇಪಿಯರ್ ಎಂಬ ಹಳೆಯ ಸೈನಿಕ ಬ್ಯಾರಕ್ಕಿನಲ್ಲಿ ಆಶ್ರಯ ಕೋರಿದವರನ್ನು ಒಂದೊಂದು ಕೋಣೆಗೆ 14 ಮಂದಿಯವರೆಗೂ ಇರಿಸಿದ್ದರು. 2021ರ ಆರಂಭದಲ್ಲಿ ಅಲ್ಲಿ ಸುಮಾರು 200 ಜನರಿಗೆ ಕೋವಿಡ್ ಹರಡಿತು, ಅದೇ ವರ್ಷ ಜೂನ್‌ನಲ್ಲಿ ಅಲ್ಲಿನ ಹೈಕೋರ್ಟ್ ಆ ವಸತಿ ಕನಿಷ್ಠ ಮಟ್ಟಕ್ಕೂ ಇಲ್ಲವೆಂದು ತೀರ್ಪಿತ್ತಿತು. ಸೈನಿಕರು ಮನೆಗೆ ನುಗ್ಗಿದ್ದನ್ನು ಕಂಡು ಓಡಿಬಂದವನನ್ನು ತಂದು ಬ್ಯಾರಕ್ಕಿನಲ್ಲಿ ಮಲಗಿಸಿದರೆ, ನಡುರಾತ್ರಿ ಕೇಳುವ ಪ್ರತಿ ಬೂಟಿನ ಸಪ್ಪಳಕ್ಕೂ ಅವನ ಎದೆ ಹೊಡೆದುಕೊಳ್ಳದೆ ಇರುತ್ತದೆಯೇ?

ಇನ್ನು ಹಗಲು. ಬ್ರಿಟನ್ನಿನಲ್ಲಿ ಆಶ್ರಯಕ್ಕಾಗಿ ಅರ್ಜಿ ಹಾಕಿ 12 ತಿಂಗಳಾಗುವವರೆಗೆ ಸಾಮಾನ್ಯವಾಗಿ ಕೆಲಸಕ್ಕೆ ಅನುಮತಿ ಕೇಳುವಂತೆಯೂ ಇಲ್ಲ. ನಮ್ಮ ಕಡೆಯ ತಾಯಿಯೊಬ್ಬಳಿಗೆ, ನೀನು ಒಲೆ ಹಚ್ಚಕೂಡದು, ಮಕ್ಕಳಿಗೆ ರೊಟ್ಟಿ ಬಡಿದು ಹಾಕಕೂಡದು, ಕೊಟ್ಟದ್ದನ್ನು ತಿಂದುಕೊಂಡು ಸುಮ್ಮನೆ ಇರು, ಎಷ್ಟು ದಿನವೆಂದು ಕೇಳಬೇಡ ಎಂದು ಹೇಳಿ ನೋಡಿ. ಆರು ತಿಂಗಳಲ್ಲಿ ಅವಳೂ ಮಾತು ಬಿಟ್ಟು ಗೋಡೆ ನೋಡುತ್ತ ಕೂರುತ್ತಾಳೆ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಗೆ ಬಂದ ಟಿಬೆಟನ್ನರೂ ಕಡಿಮೆ ಕಷ್ಟಪಟ್ಟವರಲ್ಲ. ಆದರೆ ಅವರಿಗೆ ಕಾಡು ಕಡಿದು ಉಳಲು ಜಮೀನು ಸಿಕ್ಕಿತು, ಕಾಲೂರಲು ಸ್ವಂತದ್ದೊಂದು ಊರು ಸಿಕ್ಕಿತು.

ನಿಮ್ಮ ಮಗಳಿಗೆ ಒಂದು ಎಚ್ಚರಿಕೆ ಹೇಳಿ. ‘ನಿಮಗೆ ಏನೇನಾಯಿತು’ ಎಂದು ಅವಳಾಗಿ ಕೆದಕುವುದು ಬೇಡ. ಒಮ್ಮೆ ಎಲ್ಲವನ್ನೂ ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆಂಬ ನಂಬಿಕೆ ವೈದ್ಯಕೀಯವಾಗಿ ನಿಂತಿಲ್ಲ. ನಿದ್ದೆ, ಊಟ, ಬಾಗಿಲ ಚಿಲಕ, ಇವುಗಳ ಬಗ್ಗೆ ಕೇಳಲಿ, ಕೊಠಡಿ ಬದಲಿಸಲು ಬರೆಯಬೇಕಾದ ಅರ್ಜಿಗೆ ನೆರವಾಗಲಿ. ಯಾರಾದರೂ ಸಾಯುವ ಮಾತಾಡಿದರೆ ಅದೇ ದಿನ ವೈದ್ಯರಿಗೆ ತಿಳಿಸಲಿ, ಮರುದಿನಕ್ಕೆ ಬಿಡುವುದು ಬೇಡ. ಈ ವಿಷಯದಲ್ಲಿ ನಾನು ಅತಿಯಾಗಿ ಹೆದರುತ್ತೇನೆ ಎಂದು ಸಹೋದ್ಯೋಗಿಗಳು ಹೇಳುವುದುಂಟು, ಹೆದರುವುದೇ ಸರಿ.

ಪ್ರಶ್ನೆ: ಮನಸ್ಸು ಗಟ್ಟಿ ಇದ್ದವರಿಗೆ ಇದೆಲ್ಲ ತಾಗುವುದಿಲ್ಲ ಅಲ್ಲವೇ? (ಚಳ್ಳಕೆರೆ)

ಉತ್ತರ: ತಾಗುತ್ತದೆ. ಮಕ್ಕಳನ್ನು ಹೆಗಲ ಮೇಲೆ ಹೊತ್ತು ಗಡಿ ದಾಟಿದವರ ಮನಸ್ಸು ಗಟ್ಟಿಯಿಲ್ಲವೆನ್ನಲು ನಾವು ಯಾರು?

ಪ್ರಶ್ನೆ: ಇಂಥವರಿಗೆ ಇಲ್ಲಿಂದ ನಿದ್ದೆ ಮಾತ್ರೆ ಕಳಿಸಬಹುದೇ? (ಹರಿಹರ)

ಉತ್ತರ: ಖಂಡಿತ ಕೂಡದು.

ಪ್ರಶ್ನೆ: ಸಮ್ಮೋಹನದಿಂದ ಒಂದೇ ದಿನದಲ್ಲಿ ಕೆಟ್ಟ ನೆನಪು ಅಳಿಸುತ್ತೇವೆ ಎಂದು ಒಬ್ಬರು ಕರಪತ್ರ ಹಂಚುತ್ತಿದ್ದಾರೆ. ನಂಬಬಹುದೇ? (ಚಿತ್ರದುರ್ಗ)

ಉತ್ತರ: ನಂಬಬೇಡಿ. ನೆನಪು ಹಲಗೆಯ ಮೇಲಿನ ಸೀಮೆಸುಣ್ಣವಲ್ಲ. ನೊಂದವರ ಹೆದರಿಕೆಯಿಂದ ಹಣ ಎತ್ತುವ ಇಂಥವರ ಹತ್ತಿರ ಹೋಗುವ ಬದಲು, 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.