ವೇಗ ಹೇಳದೆ ಮೂತಿ ಹೊಗಳಿದರೆ

ನಮಸ್ಕಾರ.

ನೀವು ಕಳಿಸಿದ ‘ಇಂಧನ ಉಳಿಸುವ ಹೊಸ ಹಡಗುಗಳು’ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಭಾಷೆಯಲ್ಲಿ ತೊಡಕಿಲ್ಲ. ಆದರೆ ಆರು ವಿನ್ಯಾಸಗಳನ್ನು ಹೊಗಳಿದ್ದೀರಿ. ಯಾವ ಹಡಗು, ಎಷ್ಟು ಉದ್ದ, ಎಷ್ಟು ನಾಟ್ (ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ.) ವೇಗ ಎಂಬುದು ಒಂದು ಕಡೆಯೂ ಇಲ್ಲ. ಅದಿಲ್ಲದೆ ‘ಶೇ. 15 ಉಳಿತಾಯ’ ಎನ್ನುವುದು ರೋಗಿಯನ್ನು ನೋಡದೆ ಮಾತ್ರೆ ಬರೆದುಕೊಟ್ಟಂತೆ.

ಮೊದಲು ಫ್ರೂಡ್ ಸಂಖ್ಯೆ ಲೆಕ್ಕ ಹಾಕಿ. ಉದ್ದಕ್ಕೆ ಹೋಲಿಸಿದರೆ ಹಡಗಿನ ವೇಗ ಎಷ್ಟು ಎಂದು ಹೇಳುವ ಅಂಕಿ ಅದು. ನೀರುಗೆರೆಯ ಉದ್ದವನ್ನು (ನೀರಿನ ಮಟ್ಟದಲ್ಲಿ ಒಡಲಿನ ಉದ್ದ, ಮೀಟರಿನಲ್ಲಿ) 9.81ರಿಂದ ಗುಣಿಸಿ, ವರ್ಗಮೂಲ ತೆಗೆದು, ಸೆಕೆಂಡಿಗೆ ಮೀಟರ್ ಲೆಕ್ಕದ ವೇಗವನ್ನು ಅದರಿಂದ ಭಾಗಿಸಿದರಾಯಿತು. 300 ಮೀಟರ್ ಟ್ಯಾಂಕರ್ 14 ನಾಟ್‌ನಲ್ಲಿ ಹೋದರೆ 0.13 ಬರುತ್ತದೆ. 12 ಮೀಟರ್ ಮೋಟಾರು ದೋಣಿಗೆ 8.4 ನಾಟ್‌ನಲ್ಲೇ 0.4. ಟ್ಯಾಂಕರ್‌ನ ಶಕ್ತಿಯ ಬಹುಪಾಲು ನೀರಿನ ಘರ್ಷಣೆಗೆ ಹೋಗುತ್ತದೆ. ದೋಣಿಯ ಕಥೆ ಬೇರೆ: 0.4ರಲ್ಲಿ ಅದು ಎಬ್ಬಿಸುವ ಅಲೆಯ ಉದ್ದ ದೋಣಿಯಷ್ಟೇ ಆಗುತ್ತದೆ. ಇನ್ನೂ ಜೋರು ಮಾಡಿದರೆ ಹಿಂಬದಿ ತಗ್ಗಿಗಿಳಿದು, ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕಾಗುತ್ತದೆ. ತಳಕ್ಕೆ ಗಾಳಿಗುಳ್ಳೆ ಹಾಯಿಸಿ ಘರ್ಷಣೆ ತಗ್ಗಿಸುವ ಉಪಾಯ ಚಪ್ಪಟೆ ತಳದ ದೊಡ್ಡ ಹಡಗಿಗೆ ಒಪ್ಪುತ್ತದೆ. ನೀವದನ್ನು ವಿಹಾರನೌಕೆಯ ಭಾಗದಲ್ಲಿ ಸೇರಿಸಿದ್ದೀರಿ. ಗುಳ್ಳೆ ಊದುವ ಕಂಪ್ರೆಸರ್ ತಿನ್ನುವ ಶಕ್ತಿಯನ್ನೂ ಕಳೆಯಬೇಕು, ಅದನ್ನು ಬಿಟ್ಟಿದ್ದೀರಿ.

ಬಲ್ಬಿನ ಮೂತಿ, ಅಂದರೆ ಹಡಗಿನ ಮುಂತುದಿಯಲ್ಲಿ ನೀರಿನೊಳಗೆ ಚಾಚಿದ ದುಂಡು ಉಬ್ಬು, ‘ನೀರನ್ನು ಸೀಳುತ್ತದೆ’ ಎಂದಿದ್ದೀರಿ. ಇಲ್ಲ. ಅದು ತನ್ನದೇ ಅಲೆ ಎಬ್ಬಿಸುತ್ತದೆ. ಆ ಅಲೆಯ ತಗ್ಗು ಮೂತಿಯ ಅಲೆಯ ಏರಿನ ಮೇಲೆ ಬಿದ್ದರೆ ಎರಡೂ ಒಂದನ್ನೊಂದು ತಿನ್ನುತ್ತವೆ. ಇದು ಕೂಡಿಬರುವುದು ಹೆಚ್ಚುಕಡಿಮೆ ಒಂದೇ ವೇಗಕ್ಕೆ, ಒಂದೇ ಮುಳುಗಿನ ಆಳಕ್ಕೆ. ಖಾಲಿ ಹಡಗಿನ ಬಲ್ಬ್ ಅರ್ಧ ಮೇಲೆದ್ದು ನೀರನ್ನು ತಳ್ಳತೊಡಗಿದರೆ ಲಾಭ ಹೋಗಿ ನಷ್ಟ ಬರುತ್ತದೆ. 2008ರ ನಂತರ ಕಂಟೇನರ್ ಹಡಗುಗಳು ನಿಧಾನ ಮಾಡಿದಾಗ, ಹೆಚ್ಚಿನ ವೇಗಕ್ಕೆ ರೂಪಿಸಿದ್ದ ಬಲ್ಬ್‌ಗಳು ಹೊರೆಯಾದವು. ಹಲವು ಕಂಪನಿಗಳು ಮೂತಿ ಕತ್ತರಿಸಿ ಬೇರೆ ಬೆಸುಗೆ ಹಾಕಿಸಿದವು. ನಿಧಾನ ಮಾಡಿದ್ದರಿಂದ ಬಂದ ಉಳಿತಾಯವನ್ನೂ ಹೊಸ ಮೂತಿಯ ಖಾತೆಗೆ ಬರೆದಿದ್ದೀರಿ. ಬೇಕಾದ ಶಕ್ತಿ ಸುಮಾರಾಗಿ ವೇಗದ ಘನದಂತೆ ಏರುತ್ತದೆ: 24 ನಾಟ್‌ನಿಂದ 18ಕ್ಕಿಳಿದರೆ ಮೊದಲಿನ ಶಕ್ತಿಯ ಶೇ. 42 ಸಾಕು. ಅದೇ ದಾರಿ ಸವೆಸಲು ಹೆಚ್ಚು ಗಂಟೆ ಹಿಡಿಯುವುದರಿಂದ ಮೈಲಿಗೆ ಲೆಕ್ಕ ಹಾಕಿದರೆ ಮೊದಲಿನ ಇಂಧನದ ಶೇ. 56. ಇದನ್ನು ಮೊದಲು ಕಳೆದು, ಮಿಕ್ಕದ್ದನ್ನಷ್ಟೇ ಮೂತಿಗೆ ಕೊಡಿ. ಡ್ರೈಡಾಕ್‌ನಲ್ಲಿ (ನೀರು ಹೊರಹಾಕಿ ಹಡಗು ರಿಪೇರಿ ಮಾಡುವ ಕಟ್ಟೆ) ತಳದ ಪಾಚಿ ಕೆರೆದು ಬಣ್ಣ ಬಳಿದಿದ್ದರೆ ಅದನ್ನೂ ಕಳೆಯಿರಿ.

ನಾರ್ವೆಯ ಉಲ್‌ಸ್ಟೈನ್ ಕಂಪನಿಯ ಹಿಂಬಾಗಿದ ಮೂತಿ 2006ರ ಬೋರ್ಬೋನ್ ಓರ್ಕಾ ಹಡಗಿನಲ್ಲಿ ಮೊದಲು ಬಂತು. ಎದುರಲೆಯಲ್ಲಿ ಬಡಿತ, ವೇಗದ ಕುಸಿತ ತಗ್ಗಿಸುವುದು ಅದರ ಕೆಲಸ. ನೀವು ಲಗತ್ತಿಸಿದ ಚಿತ್ರ ಶಾಂತ ಬಂದರಿನದು!

ವಿಹಾರನೌಕೆಗೆ ಉದಾಹರಣೆ ಬೇಕಾದರೆ 2014ರ ಹೀಸನ್ ಕಂಪನಿಯ 42 ಮೀಟರಿನ ಅಲೈವ್ ತೆಗೆದುಕೊಳ್ಳಿ. ಅದರ ಹಿಂಬದಿಯಲ್ಲಿ, ನೀರಿನೊಳಗೆ, ಹಲ್ ವೇನ್ ಎಂಬ ಸ್ಥಿರ ರೆಕ್ಕೆಯಿದೆ. ಅದು ಹೈಡ್ರೋಫಾಯಿಲ್‌ನಂತೆ ಒಡಲನ್ನು ನೀರಿನಿಂದ ಎತ್ತುವುದಿಲ್ಲ. ಹಿಂಬದಿಯಲ್ಲಿ ನೀರು ಓರೆಯಾಗಿ ಮೇಲೇರುತ್ತದಲ್ಲ, ಅದರಿಂದ ರೆಕ್ಕೆಗೆ ಸಿಗುವ ಬಲ ತುಸು ಮುಂದಕ್ಕೆ ವಾಲಿರುತ್ತದೆ. ಹಿಂಬದಿಯ ಅಲೆಯೂ ತಗ್ಗುತ್ತದೆ. ತೀರಾ ನಿಧಾನವಾಗಿ ಹೋಗುವಾಗ ಮಾತ್ರ ರೆಕ್ಕೆಯ ಸ್ವಂತ ಘರ್ಷಣೆಯೇ ಲಾಭವನ್ನು ನುಂಗುತ್ತದೆ.

ಆರರಲ್ಲಿ ಎರಡನ್ನು ಉಳಿಸಿಕೊಂಡು ಮತ್ತೆ ಬರೆಯಿರಿ: ಒಂದು ಸರಕು ಹಡಗು, ಒಂದು ವಿಹಾರನೌಕೆ, ಪ್ರತಿಯೊಂದಕ್ಕೂ ಉದ್ದ, ವೇಗ, ಮುಳುಗಿನ ಆಳ. ಶಾರ್ಕ್‌ನ ಹೋಲಿಕೆ ಮೂರು ಕಡೆ ಇದೆ, ಮೂರನ್ನೂ ತೆಗೆಯಿರಿ. ಆಳದಲ್ಲಿ ಈಜುವ ಮೀನು ಮೇಲ್ಮೈಯಲ್ಲಿ ಅಲೆ ಎಬ್ಬಿಸುವುದಿಲ್ಲ. ನಿಮ್ಮ ಲೇಖನದ ಹಡಗುಗಳ ತಲೆನೋವೇ ಆ ಅಲೆ.